ಒಂದು ಕೊಲೆಯ ಹಾಡು, ನಾಲ್ಕು ಕಂಠಗಳು

ನನ್ನ ಅಜ್ಜಿ ಗೋವಿನ ಹಾಡು ಹೇಳುವಾಗ, ಹುಲಿ ಪ್ರಾಣ ಬಿಡುವ ಮುಂಚೆ ಎರಡು ನುಡಿಗಳನ್ನು ಹೆಚ್ಚಾಗಿ ಹೇಳುತ್ತಿದ್ದಳು. ನಮ್ಮ ಶಾಲೆಯ ಪುಸ್ತಕದಲ್ಲಿ ಆ ನುಡಿಗಳಿರಲಿಲ್ಲ. ‘ಅಜ್ಜೀ, ನೀನು ಸೇರಿಸಿ ಹೇಳುತ್ತೀಯ’ ಎಂದು ನಾನು. ‘ನಿನ್ನ ಪುಸ್ತಕದವರು ಬಿಟ್ಟಿದ್ದಾರೆ’ ಎಂದು ಅವಳು. ಈ ವ್ಯಾಜ್ಯ ಕೊನೆಗೂ ಇತ್ಯರ್ಥವಾಗಲಿಲ್ಲ. ಮುಂದೆ ಪಂಡಿತ ಪರೀಕ್ಷೆಗೆ ಓದುವಾಗ, ಗುರುಗಳು ಒಂದೇ ಪದ್ಯಕ್ಕೆ ಮೂರು ಓಲೆಪ್ರತಿಗಳಲ್ಲಿದ್ದ ಮೂರು ಪಾಠಗಳನ್ನು ಹಲಗೆಯ ಮೇಲೆ ಬರೆದು, ‘ಯಾವುದು ತಪ್ಪು ಎಂದು ಮೊದಲೇ ಕೇಳಬೇಡಿ, ಯಾವುದು ಹೇಗೆ ಹುಟ್ಟಿತು ಎಂದು ಕೇಳಿ’ ಎಂದಾಗ ಅಜ್ಜಿಯ ನೆನಪಾಗಿ ಸ್ವಲ್ಪ ನಾಚಿಕೆಯಾಯಿತು.

ರೇಡಿಯೊ ಇರುವ ಮನೆಯವರಿಗೆ ಪಾಠಾಂತರವೆಂದರೇನೆಂದು ವಿವರಿಸಬೇಕಾಗಿಲ್ಲ. ಒಂದೇ ದೇವರನಾಮವನ್ನು ಬೆಳಿಗ್ಗೆ ಒಬ್ಬ ವಿದ್ವಾಂಸರು ಒಂದು ರಾಗದಲ್ಲಿಯೂ ರಾತ್ರಿ ಇನ್ನೊಬ್ಬರು ಬೇರೊಂದು ರಾಗದಲ್ಲಿಯೂ ಹಾಡಿದ್ದನ್ನು ನೀವು ಕೇಳಿದ್ದೀರಿ. ಒಬ್ಬರು ಬಿಟ್ಟ ಚರಣವನ್ನು ಮತ್ತೊಬ್ಬರು ಹಾಡಿದಾಗ ಊಟದ ಹೊತ್ತಿನಲ್ಲಿ ಅದರ ಚರ್ಚೆಯನ್ನೂ ಮಾಡಿದ್ದೀರಿ. ದೇವರನಾಮದಲ್ಲಿ ಒಂದು ಚರಣ ಬಿಟ್ಟರೆ ಭಕ್ತಿಗೇನೂ ಊನವಿಲ್ಲ. ಆದರೆ ಹಾಡು ನಡೆದುಹೋದ ಒಂದು ಸಂಗತಿಯನ್ನು ಹೇಳುವಂಥದಾದರೆ? ಅದರಲ್ಲಿ ಬರುವ ಹೆಣ್ಣು ನಿಜವಾಗಿ ಬದುಕಿ, ನಿಜವಾಗಿ ಕೊಲೆಯಾದವಳಾದರೆ? ಆಗ ಬಿಟ್ಟುಹೋದ ಸಾಲಿಗೆ ಲೆಕ್ಕ ಕೇಳಬೇಕಾಗುತ್ತದೆ.

ಕಳೆದ ಬೇಸಿಗೆಯ ರಜೆಯಲ್ಲಿ ನಾನು ಅಮೆರಿಕದ ಅಂಥ ಕಥನಗೀತೆಯೊಂದನ್ನು ನಾಲ್ಕು ಧ್ವನಿಮುದ್ರಿಕೆಗಳಲ್ಲಿ, ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಕೇಳಿದೆ. ಹಳೆಯ ವಿದ್ಯಾರ್ಥಿಯೊಬ್ಬ ಅವನ್ನೆಲ್ಲ ನನ್ನ ಫೋನಿಗೆ ತುಂಬಿಕೊಟ್ಟಿದ್ದ. ಹಾಡಿನ ಹೆಸರು ‘ಟಾಮ್ ಡೂಲಿ’. ನಿಮ್ಮಲ್ಲಿ ಕೆಲವರು, ಅದರಲ್ಲೂ ಕಾಲೇಜಿನ ದಿನಗಳಲ್ಲಿ ಗಿಟಾರು ಹಿಡಿದವರು, ಇದನ್ನು ಕೇಳಿಯೇ ಇದ್ದೀರಿ. ಎರಡೇ ಸ್ವರಮೇಳಗಳ ಮೇಲೆ ನಿಲ್ಲುವ ಹಾಡಾದ್ದರಿಂದ ಕಲಿಯುವವರ ಕೈಗೆ ಬೇಗ ಹತ್ತುತ್ತದೆ.

ಮೊದಲು ನಡೆದ ಸಂಗತಿಯನ್ನು ಹೇಳಿಬಿಡುತ್ತೇನೆ. ಅಮೆರಿಕದ ಉತ್ತರ ಕ್ಯಾರೊಲಿನಾ ಸಂಸ್ಥಾನದ ಪಶ್ಚಿಮದಲ್ಲಿ ಬೆಟ್ಟಗಳ ತಪ್ಪಲಿನ ವಿಲ್ಕ್ಸ್ ಎಂಬ ಜಿಲ್ಲೆಯಿದೆ. ೧೮೬೧ರಿಂದ ೧೮೬೫ರವರೆಗೆ ಆ ದೇಶದಲ್ಲಿ ನಡೆದ ಅಂತರ್ಯುದ್ಧದಲ್ಲಿ ದಕ್ಷಿಣದವರ ಪಕ್ಷದಲ್ಲಿ ಕಾದಾಡಿ, ಸೆರೆ ಸಿಕ್ಕಿ, ಬಿಡುಗಡೆಯಾಗಿ ಊರಿಗೆ ಮರಳಿದ ಬಡ ಹುಡುಗರಲ್ಲಿ ಟಾಮ್ ಡ್ಯೂಲಾ ಒಬ್ಬ. ಯುದ್ಧಕ್ಕೆ ಹೋಗುವ ಮೊದಲೇ ಅವನಿಗೆ ಆನ್ ಮೆಲ್ಟನ್ ಎಂಬ ವಿವಾಹಿತೆಯ ಸಂಗವಿತ್ತು. ಹಿಂದಿರುಗಿದ ಮೇಲೆ ಆನ್‌ಳ ಬಂಧುವೇ ಆದ ಲಾರಾ ಫಾಸ್ಟರ್ ಎಂಬ ಹುಡುಗಿಯ ಸ್ನೇಹವೂ ಬೆಳೆಯಿತು. ೧೮೬೬ರ ಮೇ ತಿಂಗಳ ೨೫ನೆಯ ತಾರೀಖು ಬೆಳಗಿನ ಜಾವದಲ್ಲಿ ಲಾರಾ ತನ್ನ ತಂದೆಯ ಹೆಣ್ಣುಕುದುರೆಯನ್ನೇರಿ, ಮಡಿಲಲ್ಲಿ ಬಟ್ಟೆಯ ಗಂಟೊಂದನ್ನಿಟ್ಟುಕೊಂಡು ಮನೆಬಿಟ್ಟು ಹೊರಟಳು. ದಾರಿಯಲ್ಲಿ ಕಂಡ ನೆರೆಯವಳೊಬ್ಬಳು ಅವಳನ್ನು ಮಾತನಾಡಿಸಿದಳು. ಆಮೇಲೆ ಅವಳನ್ನು ಜೀವಸಹಿತ ಕಂಡೆನೆಂದು ಹೇಳಿದವರಿಲ್ಲ. ಮರುದಿನ ಕುದುರೆ ಮಾತ್ರ ಹಗ್ಗ ಹರಿದುಕೊಂಡು ಮನೆಗೆ ಬಂತು.

ಊರವರು ಹುಡುಕಿದರು, ಬೇಸತ್ತು ಬಿಟ್ಟರು, ಮತ್ತೆ ಹುಡುಕಿದರು. ಗುಸುಗುಸು ಜೋರಾದಾಗ ಟಾಮ್ ಗಡಿ ದಾಟಿ ಟೆನೆಸಿ ಸಂಸ್ಥಾನಕ್ಕೆ ಓಡಿದ. ಅಲ್ಲಿ ಜೇಮ್ಸ್ ಗ್ರೇಸನ್ ಎಂಬ ಜಮೀನುದಾರನ ಹೊಲದಲ್ಲಿ ಹೆಸರು ಮರೆಸಿಕೊಂಡು ಕೆಲವು ದಿನ ಕೂಲಿ ಮಾಡಿ, ಒಂದು ಜೊತೆ ಬೂಟ್ಸಿಗಾಗುವಷ್ಟು ಸಂಪಾದಿಸಿ ಮುಂದಕ್ಕೆ ಹೊರಟ. ಬೆನ್ನಟ್ಟಿ ಬಂದ ವಿಲ್ಕ್ಸ್‌ನವರಿಗೆ ಅವನನ್ನು ಹಿಡಿದುಕೊಡಲು ನೆರವಾದವನು ಇದೇ ಗ್ರೇಸನ್. ಈ ಹೆಸರನ್ನು ದಯಮಾಡಿ ನೆನಪಿನಲ್ಲಿಡಿ. ಬೇಸಿಗೆ ಕಳೆಯುವ ಹೊತ್ತಿಗೆ, ಮೆಲ್ಟನ್ನರ ಮನೆಯಲ್ಲಿ ಕೆಲಸಕ್ಕಿದ್ದ ಹುಡುಗಿಯೊಬ್ಬಳ ಮಾತಿನ ಜಾಡು ಹಿಡಿದು ಹೋದವರಿಗೆ ಗುಡ್ಡದ ಮಗ್ಗುಲಲ್ಲಿ ಆಳವಿಲ್ಲದ ಗಿಡ್ಡ ಗುಂಡಿಯೊಂದರಲ್ಲಿ ಲಾರಾಳ ದೇಹ ಸಿಕ್ಕಿತು. ಎದೆಯಲ್ಲಿ ಚೂರಿಯ ಗಾಯವಿತ್ತು. ಬಟ್ಟೆಯ ಗಂಟೂ ಅಲ್ಲೇ ಇತ್ತು.

ಟಾಮ್‌ನ ಪರ ವಾದಿಸಲು ನಿಂತವರು ಆ ಸಂಸ್ಥಾನದ ಗವರ್ನರಾಗಿದ್ದ ಜೆಬ್ಯುಲನ್ ವಾನ್ಸ್. ವಿಲ್ಕ್ಸ್‌ನಲ್ಲಿ ನ್ಯಾಯ ಸಿಕ್ಕದೆಂದು ವಿಚಾರಣೆಯನ್ನು ಸ್ಟೇಟ್ಸ್‌ವಿಲ್ ಎಂಬ ಊರಿಗೆ ವರ್ಗಾಯಿಸಿದರು. ಮೊದಲ ತೀರ್ಪು ಮರಣದಂಡನೆ. ಮೇಲಿನ ನ್ಯಾಯಾಲಯ ಅದನ್ನು ರದ್ದುಮಾಡಿ ಮರುವಿಚಾರಣೆಗೆ ಆಜ್ಞೆ ಮಾಡಿತು. ಸತ್ತ ಹುಡುಗಿ ದಾರಿಯಲ್ಲಿ ನೆರೆಯವಳೊಡನೆ ಆಡಿದ ಮಾತನ್ನು ಸಾಕ್ಷ್ಯವಾಗಿ ಒಪ್ಪಿಕೊಂಡದ್ದು ತಪ್ಪೆಂಬುದು ಆಕ್ಷೇಪ. ಕಿವಿಯಿಂದ ಕಿವಿಗೆ ಬಂದ ಮಾತಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಆದರೆ ಈ ಮೊಕದ್ದಮೆ ಜನರ ನೆನಪಿನಲ್ಲಿ ಉಳಿದದ್ದು ಅಂಥ ಮಾತಿನಿಂದಲೇ, ಎಂದರೆ ಹಾಡಿನಿಂದಲೇ. ಎರಡನೆಯ ವಿಚಾರಣೆಯಲ್ಲೂ ಅದೇ ತೀರ್ಪಾಯಿತು. ೧೮೬೮ರ ಮೇ ೧ರಂದು ಸ್ಟೇಟ್ಸ್‌ವಿಲ್ ರೈಲು ನಿಲ್ದಾಣದ ಬಳಿ ಕಟ್ಟಿದ್ದ ನೇಣುಗಂಬದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅದರ ಹಿಂದಿನ ರಾತ್ರಿ ಟಾಮ್ ಒಂದು ಚೀಟಿ ಬರೆದು, ಲಾರಾಳ ಕೊಲೆಯಲ್ಲಿ ತನ್ನದಲ್ಲದೆ ಬೇರೆ ಯಾರ ಕೈಯೂ ಇರಲಿಲ್ಲವೆಂದು ಹೇಳಿದ. ಅವನೊಡನೆ ಸೆರೆಯಲ್ಲಿದ್ದ ಆನ್ ಮೆಲ್ಟನ್ ಆ ಬಳಿಕ ಬಿಡುಗಡೆಯಾದಳು. ಚೀಟಿ ನಿಜವೋ, ಅವಳನ್ನು ಉಳಿಸಲು ಆಡಿದ ಮಾತೋ ಎಂಬ ವಾದ ಆ ಬೆಟ್ಟಗಳಲ್ಲಿ ಮುಂದೆ ತಲೆಮಾರುಗಳವರೆಗೆ ನಡೆಯಿತು.

ಡ್ಯೂಲಾ ಡೂಲಿಯಾದದ್ದು ಹೇಗೆಂದು ನೀವು ಕೇಳಬಹುದು. ಇದು ನನ್ನಂಥ ಪಂಡಿತನಿಗೆ ಬಲು ಪ್ರಿಯವಾದ ಪ್ರಶ್ನೆ. ಸಂಸ್ಕೃತದ ಸೀತಾ, ಗಂಗಾ ಎಂಬ ಆಕಾರಾಂತ ಶಬ್ದಗಳು ಕನ್ನಡಕ್ಕೆ ಬಂದು ಸೀತೆ, ಗಂಗೆ ಎಂದು ಎಕಾರಾಂತಗಳಾದುವಲ್ಲವೇ? ಆ ಬೆಟ್ಟದ ಜನರ ಬಾಯಲ್ಲಿಯೂ ಮಾತಿನ ಕೊನೆಯ ಆಕಾರ ಇಕಾರದತ್ತ ಜಾರುತ್ತದೆ. ಕಡತದಲ್ಲಿ ಡ್ಯೂಲಾ, ಬಾಯಲ್ಲಿ ಡೂಲಿ. ಹಾಡು ಬಾಯಿಯದಾದ್ದರಿಂದ ಡೂಲಿಯೇ ಗೆದ್ದ.

ಇನ್ನು ಮುದ್ರಿಕೆಗಳಿಗೆ ಬರೋಣ. ಮೊದಲನೆಯದು ೧೯೨೯ರದು. ಮೆಂಫಿಸ್ ನಗರದಲ್ಲಿ ವಿಕ್ಟರ್ ಕಂಪನಿಯವರಿಗಾಗಿ ಪಿಟೀಲುಗಾರ ಜಿ. ಬಿ. ಗ್ರೇಸನ್ ಹಾಡಿದ, ಹೆನ್ರಿ ವಿಟರ್ ಗಿಟಾರು ನುಡಿಸಿದ. ಹೆಸರು ಕೇಳಿ ನೀವು ತಲೆಯೆತ್ತಿರಬೇಕು. ಹೌದು, ಟಾಮ್‌ನನ್ನು ಹಿಡಿದುಕೊಟ್ಟ ಜಮೀನುದಾರನ ಮನೆತನದವನೇ ಈತ. ಕಣ್ಣು ಬಹುಮಟ್ಟಿಗೆ ಕಾಣದವನು. ಟೆನೆಸಿಯ ಲಾರೆಲ್ ಬ್ಲೂಮರಿ ಎಂಬ ಹಳ್ಳಿಯವನು. ಆ ಕಾಲದ ಹತ್ತಂಗುಲದ ಪ್ಲೇಟಿನಲ್ಲಿ ಸುಮಾರು ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಅಷ್ಟರಲ್ಲೇ ಪಿಟೀಲಿಗೂ ಎಡೆ ಕೊಟ್ಟು, ಕಥೆಯನ್ನೂ ಹೇಳಿ ಮುಗಿಸಬೇಕು.

ಈ ಹಾಡುಗಾರಿಕೆಯನ್ನು ಮೊದಲ ಸಲ ಕೇಳಿದಾಗ ನನಗೆ ಒಂದು ಬಗೆಯ ಮುಜುಗರವೇ ಆಯಿತು. ಕೊಲೆಯ ಕಥೆಗೆ ಇಷ್ಟು ಲವಲವಿಕೆಯ ನಡೆಯೇ? ಪಿಟೀಲು ಕುಣಿತದ ಮಟ್ಟಿನಲ್ಲಿ ಓಡುತ್ತದೆ. ಕಂಠದಲ್ಲಿ ಶೋಕವಿಲ್ಲ, ನಟನೆಯಿಲ್ಲ. ಎರಡನೆಯ ಸಲ ಮಾತುಗಳ ಕಡೆಗೆ ಕಿವಿಗೊಟ್ಟೆ. ಪಲ್ಲವಿಯಲ್ಲಿಯೇ ಲಾರಾ ಫಾಸ್ಟರ್ ಎಂಬ ಹೆಸರಿದೆ. ಬಚ್ಚಿಟ್ಟ ಬಟ್ಟೆಗಳ ಮಾತಿದೆ, ಪಾದರಕ್ಷೆಗಳ ಮಾತಿದೆ. ತೋಡಿದ ಗುಂಡಿ ಎಷ್ಟು ಉದ್ದ, ಎಷ್ಟು ಆಳ ಎಂಬ ಲೆಕ್ಕವಿದೆ. ನ್ಯಾಯಾಲಯದ ಮುಂದೆ ಬಂದ ಬಟ್ಟೆಯ ಗಂಟು, ಗಿಡ್ಡ ಗುಂಡಿ ಇವೆಲ್ಲ ಅರುವತ್ತು ವರ್ಷ ಬಾಯಿಂದ ಬಾಯಿಗೆ ದಾಟಿ ಇಲ್ಲಿ ಉಳಿದಿವೆ. ಪಂಚನಾಮೆಯನ್ನು ಓದುವವನು ದನಿ ನಡುಗಿಸುವುದಿಲ್ಲವಷ್ಟೆ. ನಾಳೆ ಈ ಹೊತ್ತಿಗೆ ತನಗೆ ಪಿಟೀಲಿನ ಉಪಯೋಗವಿಲ್ಲವೆಂದು ಟಾಮ್ ಹೇಳುವ ನುಡಿಯನ್ನು ಪಿಟೀಲು ಹಿಡಿದವನೇ ಹಾಡುತ್ತಾನೆ. ಗ್ರೇಸನ್ ಎಂಬುವನಿಲ್ಲದಿದ್ದರೆ ತಾನು ಟೆನೆಸಿಯಲ್ಲಿ ಸುಖವಾಗಿರುತ್ತಿದ್ದೆನೆಂಬ ನುಡಿಯನ್ನು ಒಬ್ಬ ಗ್ರೇಸನ್ನನೇ ಹಾಡುತ್ತಾನೆ. ತಮ್ಮ ಮನೆಯವನ ಮೇಲೆ ಕೊಲೆಗಾರ ಹೊರಿಸಿದ ಈ ದೂರನ್ನು ಆತ ಹಾಡಿನಿಂದ ತೆಗೆದುಹಾಕಲಿಲ್ಲ. ೧೯೩೦ರಲ್ಲಿ ಗ್ರೇಸನ್ ರಸ್ತೆಯ ಅಪಘಾತದಲ್ಲಿ ತೀರಿಕೊಂಡ.

ಎರಡನೆಯ ಮುದ್ರಿಕೆಯ ಕಾಲ ೧೯೫೮. ಹಾಡಿದವರು ಕಿಂಗ್‌ಸ್ಟನ್ ಟ್ರಿಯೊ ಎಂಬ ಮೂವರು ಯುವಕರು: ಡೇವ್ ಗಾರ್ಡ್, ಬಾಬ್ ಶೇನ್, ನಿಕ್ ರೆನಾಲ್ಡ್ಸ್. ಜಗತ್ತಿಗೆ ತಿಳಿದ ಟಾಮ್ ಡೂಲಿ ಇವರದೇ. ಇದು ಹೆಸರು ಮಾಡಿದ ಬಗೆಯಲ್ಲಿ ರೇಡಿಯೊದ ಪಾತ್ರ ದೊಡ್ಡದು. ಕ್ಯಾಪಿಟಲ್ ಕಂಪನಿಯವರು ಹೊರತಂದ ದೊಡ್ಡ ಪ್ಲೇಟಿನಲ್ಲಿ ಇದೂ ಒಂದು ಹಾಡಾಗಿತ್ತು, ಅಷ್ಟೆ. ಸಾಲ್ಟ್ ಲೇಕ್ ಸಿಟಿಯ ಒಂದು ರೇಡಿಯೊ ನಿಲಯದವರು ಇದೊಂದನ್ನೇ ಎತ್ತಿ ಮತ್ತೆ ಮತ್ತೆ ಹಾಕತೊಡಗಿದರು. ಕೇಳುಗರು ಬೆನ್ನು ಬಿದ್ದರು. ಆಮೇಲೆ ಕಂಪನಿಯವರು ಬೇರೆಯಾಗಿ ಸಣ್ಣ ಪ್ಲೇಟು ಮಾಡಿದರು. ನವೆಂಬರಿನಲ್ಲಿ ಅದು ಅಮೆರಿಕದ ಮಾರಾಟದ ಪಟ್ಟಿಯ ತುದಿಗೇರಿತು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದುವು. ೧೯೫೯ರಲ್ಲಿ ಮೊಟ್ಟಮೊದಲು ಕೊಟ್ಟ ಗ್ರ್ಯಾಮಿ ಪ್ರಶಸ್ತಿಗಳಲ್ಲಿ ಒಂದು ಇವರಿಗೆ ಬಂತು. ಅದೇ ವರ್ಷ ಒಂದು ಸಿನಿಮಾ ಕೂಡ ಬಂತು. ಅದರ ಮಾತು ಇಲ್ಲಿ ಬೇಡ.

ಹಾಡುಗಾರಿಕೆ ಚೆನ್ನಾಗಿದೆ. ಇಲ್ಲವೆಂದರೆ ನಾನು ಮತ್ಸರಿಯಾದೇನು. ನಡೆ ನಿಧಾನ, ದನಿಗಳು ತಗ್ಗಿನಲ್ಲಿ ಹೊರಟು ಒಂದರ ಮೇಲೊಂದು ಕೂಡುತ್ತವೆ, ಡೂಲಿಯ ಹೆಸರಿನ ಬಳಿ ತಾಳವನ್ನು ಒಂದಿಷ್ಟು ಹಿಂದಿಟ್ಟು ಎಳೆಯುವುದರಲ್ಲಿ ಜಾಣತನವಿದೆ. ಗಲ್ಲಿನ ಮುಂಚಿನ ರಾತ್ರಿಯ ಭಾರ ನಮ್ಮ ಮೇಲೆ ಬೀಳುತ್ತದೆ. ಆದರೆ ಓಲೆಪ್ರತಿಯನ್ನು ನೋಡುವ ಕಣ್ಣಿನಿಂದ ನೋಡಿ. ಲಾರಾಳ ಹೆಸರು ಇಡೀ ಹಾಡಿನಲ್ಲಿ ಎಲ್ಲಿಯೂ ಇಲ್ಲ. ಅವಳು ‘ಅವಳು’ ಮಾತ್ರ: ಬೆಟ್ಟದ ಮೇಲೆ ಸಿಕ್ಕಿದಳು, ಚೂರಿಗೆ ಬಿದ್ದಳು. ಬಟ್ಟೆಯಿಲ್ಲ, ಪಾದರಕ್ಷೆಯಿಲ್ಲ, ಗುಂಡಿಯಿಲ್ಲ. ಪಲ್ಲವಿಯಲ್ಲಿ ಅವಳ ಹೆಸರಿದ್ದ ಸ್ಥಳದಲ್ಲಿ ಟಾಮ್‌ನ ಹೆಸರೇ ಮತ್ತೊಮ್ಮೆ ಬರುತ್ತದೆ. ಅವನಿಗಾಗಿ ಮರುಕವೂ ಬರುತ್ತದೆ. ರೈಲು ನಿಲ್ದಾಣದ ಬಳಿಯ ನೇಣುಗಂಬ ಹೋಗಿ ಒಂಟಿ ಕಣಿವೆಯ ಓಕ್ ಮರ ಬಂದಿದೆ.

ಇನ್ನು ಗ್ರೇಸನ್. ಅವನಿಲ್ಲದಿದ್ದರೆ ಟೆನೆಸಿಯಲ್ಲಿರುತ್ತಿದ್ದೆನೆಂಬ ನುಡಿ ಇಲ್ಲಿಯೂ ಇದೆ. ಆದರೆ ಗ್ರೇಸನ್ ಯಾರೆಂಬುದು ಕ್ಯಾಲಿಫೋರ್ನಿಯದಲ್ಲಿ ಹಾಡುತ್ತಿದ್ದ ಈ ಯುವಕರಿಗೆ ಗೊತ್ತಿದ್ದಂತಿಲ್ಲ. ಹಾಡಿನ ಮೊದಲಿಗೆ ಗದ್ಯದಲ್ಲಿ ಒಂದು ಪೀಠಿಕೆಯನ್ನು ಹೇಳಿ, ಗ್ರೇಸನ್, ಒಬ್ಬ ಸುಂದರಿ, ಡೂಲಿ ಎಂಬ ಮೂವರ ಪ್ರಣಯದ ತೊಡಕು ಇದು ಎಂದುಬಿಡುತ್ತಾರೆ. ಕೂಲಿ ಕೊಟ್ಟ ಜಮೀನುದಾರ ಪ್ರಣಯದಲ್ಲಿ ಪ್ರತಿಸ್ಪರ್ಧಿಯಾದ. ನಿಜವಾದ ಮೂರನೆಯವಳು, ಆನ್ ಮೆಲ್ಟನ್, ಮಾಯವಾದಳು. ಲಿಪಿಕಾರನಿಗೆ ಅರ್ಥವಾಗದ ಶಬ್ದವೊಂದು ಮೂಲದಲ್ಲಿದ್ದಾಗ ಅವನು ಅದನ್ನು ಬಿಡಲೂ ಆರದೆ ಪಕ್ಕದಲ್ಲಿ ತನ್ನದೊಂದು ಅರ್ಥವನ್ನು ಬರೆದಿಡುತ್ತಾನೆ. ಹಳಗನ್ನಡದ ಪ್ರತಿಗಳಲ್ಲಿ ಇದನ್ನು ಎಷ್ಟೋ ಕಡೆ ಕಂಡಿದ್ದೇವೆ. ಆ ಅರ್ಥ ತಪ್ಪಿರಬಹುದು. ಆದರೂ ತಿಳಿಯದ ಶಬ್ದವನ್ನು ಅಳಿಸದೆ ಬಿಟ್ಟನಲ್ಲ, ಅದಕ್ಕೆ ಅವನಿಗೆ ನಮಸ್ಕಾರ ಮಾಡಬೇಕು. ಈ ಮೂವರಿಗೂ ನಾನು ಅಷ್ಟರಮಟ್ಟಿನ ನಮಸ್ಕಾರ ಮಾಡುತ್ತೇನೆ.

ನಮ್ಮಲ್ಲೂ ಇಂಥ ಹಾಡುಗಳಿಲ್ಲದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ಲೀಟ್ ಸಾಹೇಬರು ಕನ್ನಡ ಲಾವಣಿಗಳನ್ನು ಬರೆಸಿಕೊಂಡು ಅಚ್ಚುಮಾಡಿಸಿದಾಗ ಅವುಗಳಲ್ಲಿ ಸಂಗೊಳ್ಳಿ ರಾಯಣ್ಣನದಿತ್ತು, ಸಂಗ್ಯಾನ ಕೊಲೆಯದೂ ಇತ್ತು. ಬೈಲಹೊಂಗಲದ ಆ ಸಂಗತಿ ಮುಂದೆ ಸಂಗ್ಯಾ ಬಾಳ್ಯಾ ಆಟವಾಗಿ ಊರೂರು ಸುತ್ತಿತು. ಆದರೆ ಅಲ್ಲಿ ಗಂಗೆಯ ಹೆಸರನ್ನು ಯಾರೂ ಬಿಡಲಿಲ್ಲ.

ಹಾಡು ವಿಲ್ಕ್ಸ್‌ನ ಬೆಟ್ಟದಿಂದ ಆ ಮೂವರ ಬಾಯಿಗೆ ಹೇಗೆ ಬಂತು? ಇಲ್ಲಿಂದ ಮುಂದೆ ನನ್ನ ಮನಸ್ಸಿಗೆ ಹೆಚ್ಚು ತಟ್ಟಿದ ಭಾಗ. ವಿಲ್ಕ್ಸ್‌ನ ನೆರೆಯ ವಾಟಾಗ ಜಿಲ್ಲೆಯಲ್ಲಿ ಫ್ರ್ಯಾಂಕ್ ಪ್ರಾಫಿಟ್ ಎಂಬ ಬಡ ರೈತನಿದ್ದ. ೧೯೧೩ರಲ್ಲಿ ಹುಟ್ಟಿದವನು, ತಂಬಾಕು ಬೆಳೆಯುವುದು, ಬಡಗಿ ಕೆಲಸ, ಬಿಡುವಿನಲ್ಲಿ ತಾನೇ ಬ್ಯಾಂಜೊ ವಾದ್ಯಗಳನ್ನು ಮಾಡುವುದು ಅವನ ಬದುಕು. ಟಾಮ್‌ನನ್ನೂ ಲಾರಾಳನ್ನೂ ಅವನ ಅಜ್ಜಿ ಬಲ್ಲವಳಾಗಿದ್ದಳೆಂದು ಮನೆಯ ಮಾತು. ೧೯೩೮ರಲ್ಲಿ ನ್ಯೂಯಾರ್ಕಿನಿಂದ ಹಾಡುಗಳನ್ನು ಹುಡುಕಿಕೊಂಡು ಬಂದ ಫ್ರ್ಯಾಂಕ್ ವಾರ್ನರ್ ಮತ್ತು ಆನ್ ವಾರ್ನರ್ ದಂಪತಿಗಳಿಗೆ ಪ್ರಾಫಿಟ್ ಈ ಹಾಡನ್ನು ಹಾಡಿ ತೋರಿಸಿದ. ವಾರ್ನರ್ ಅದನ್ನು ಊರೂರುಗಳಲ್ಲಿ ಹಾಡಿದ. ಅಲನ್ ಲೋಮ್ಯಾಕ್ಸರಿಗೆ ಕಲಿಸಿದ. ಲೋಮ್ಯಾಕ್ಸರು ೧೯೪೭ರಲ್ಲಿ ಹೊರಬಂದ ತಮ್ಮ ಸಂಗ್ರಹದಲ್ಲಿ ಅಚ್ಚುಮಾಡಿದರು. ೧೯೫೨ರಲ್ಲಿ ವಾರ್ನರನ ಪ್ಲೇಟೂ ಬಂತು. ಅಲ್ಲಿಂದ ಒಬ್ಬರಿಂದೊಬ್ಬರಿಗೆ ದಾಟಿ ಟ್ರಿಯೊದವರಿಗೆ ಮುಟ್ಟಿತು.

ಒಂದು ಸಂಜೆ ಪ್ರಾಫಿಟ್ ಟೆಲಿವಿಷನ್ ನೋಡುತ್ತ ಕುಳಿತಿದ್ದಾಗ ಪರದೆಯ ಮೇಲೆ ಮೂವರು ಅಪರಿಚಿತರು ಅವನ ಮನೆಯ ಹಾಡನ್ನು ಹಾಡತೊಡಗಿದರು. ಆಪ್ತರೊಬ್ಬರನ್ನು ಕಳೆದುಕೊಂಡಂತಾಗಿ, ಹೊರಗೆ ಹೋಗಿ, ವಿಲ್ಕ್ಸ್‌ನ ಕಡೆಗೆ ನೋಡುತ್ತ ಗುಡ್ಡದ ಮೇಲೆ ನಿಂತು ಅತ್ತೆನೆಂದು ಅವನು ಆಮೇಲೆ ಕಾಗದ ಬರೆದ. ಹಣದ ಆಸೆಯಿಂದ ಅತ್ತವನಲ್ಲ. ಅದೇ ಕಾಗದದಲ್ಲಿ, ಲೋಕ ತಮ್ಮ ಬೆಟ್ಟಗಳಿಗಿಂತ ದೊಡ್ಡದೆಂದು ಕ್ರಮೇಣ ಮನಗಂಡೆನೆಂದೂ ಬರೆದಿದ್ದಾನೆ. ಹಕ್ಕಿನ ಪ್ರಶ್ನೆ ಎದ್ದು ನ್ಯಾಯಾಲಯದ ಮೆಟ್ಟಿಲೇರಿತು, ೧೯೬೨ರಲ್ಲಿ ರಾಜಿಯಾಯಿತು. ಅಂದಿನಿಂದ ಬರುವ ಗೌರವಧನದಲ್ಲಿ ಲೋಮ್ಯಾಕ್ಸ್, ವಾರ್ನರ್, ಪ್ರಾಫಿಟ್ ಮೂವರಿಗೂ ಪಾಲು ಸಿಕ್ಕಿತು. ಆ ಹೊತ್ತಿಗೆ ಹಾಡು ದುಡಿಯಬೇಕಾದುದನ್ನು ಬಹುಮಟ್ಟಿಗೆ ದುಡಿದಾಗಿತ್ತು. ಲಾರಾ ಫಾಸ್ಟರಳ ಕಡೆಯವರಿಗೆ ಪಾಲು ಕೇಳುವ ಯೋಚನೆ ಯಾರಿಗೂ ಬಂದಂತಿಲ್ಲ.

ಅದೇ ವರ್ಷ ಪ್ರಾಫಿಟ್‌ನ ಸ್ವಂತ ಕಂಠದ ಪ್ಲೇಟು ಹೊರಬಂತು. ಹಳ್ಳಿಯ ಹಾಡುಗಾರರಿಗಾಗಿಯೇ ಹುಟ್ಟಿದ ಫೋಕ್ ಲೆಗಸಿ ಎಂಬ ಸಣ್ಣ ಕಂಪನಿಯವರ ಮೊದಲ ಪ್ಲೇಟೇ ಅದು. ನನ್ನ ಮೂರನೆಯ ಮುದ್ರಿಕೆ ಇದು. ಮೆಟ್ಟಿಲುಗಳಿಲ್ಲದ ಬ್ಯಾಂಜೊ, ಹಾಗಾಗಿ ನಮ್ಮ ಪಿಟೀಲಿನಲ್ಲಿರುವಂತೆ ಸ್ವರದಿಂದ ಸ್ವರಕ್ಕೆ ಜಾರು ಬರುತ್ತದೆ. ದನಿ ಮೆಲ್ಲನೆಯದು, ಒಬ್ಬರಿಗೆ ಮಾತ್ರ ಹೇಳುವಂಥದು. ಜಗತ್ತೆಲ್ಲ ಕೇಳಿ ಮುಗಿಸಿದ ಹಾಡನ್ನು ಅದರ ಮನೆಯವನೇ ಹಾಡಿದರೆ ಎಷ್ಟೋ ಜನಕ್ಕೆ ಅದು ನಕಲಿನಂತೆ ಕೇಳಿಸಿರಬೇಕು. ೧೯೬೫ರಲ್ಲಿ, ಇನ್ನೂ ಐವತ್ತೆರಡರ ವಯಸ್ಸಿನಲ್ಲಿ, ಅವನು ತೀರಿಕೊಂಡ.

ನಾಲ್ಕನೆಯದು ೧೯೬೪ರದು, ಡಾಕ್ ವಾಟ್ಸನ್ ಹಾಡಿದ್ದು. ಈತನೂ ಅದೇ ಬೆಟ್ಟದ ಸೀಮೆಯವನು, ಎಳೆತನದಲ್ಲೇ ಕುರುಡನಾದವನು, ಗಿಟಾರಿನಲ್ಲಿ ಆ ದೇಶದಲ್ಲೇ ಹೆಸರಾಂತವನು. ೨೦೧೨ರವರೆಗೆ ಬದುಕಿದ್ದ. ಟ್ರಿಯೊದ ಹಾಡು ಮನೆಮನೆಗೂ ಗೊತ್ತಿದ್ದ ಕಾಲದಲ್ಲಿ ಈತ ಅದನ್ನು ಅನುಸರಿಸಲಿಲ್ಲ. ತನ್ನ ಮನೆಯಲ್ಲಿ ಹಿರಿಯರಿಂದ ಕಲಿತ ಪಾಠವನ್ನೇ, ತನ್ನ ಮನೆಯ ಮಟ್ಟಿನಲ್ಲೇ, ಚುರುಕಾದ ನಡೆಯಲ್ಲಿ ಹಾಡಿದ. ಆನ್ ಮೆಲ್ಟನ್ ಸಾಯುವಾಗ ತನ್ನ ಮುತ್ತಜ್ಜಿ ಹತ್ತಿರವಿದ್ದು ಅವಳು ಆಡಿದ ಮಾತನ್ನು ಕೇಳಿದ್ದಳೆಂಬ ಕಥೆ ಅವನ ಮನೆಯಲ್ಲಿ ಉಳಿದುಬಂದಿತ್ತು. ಕೊಂದವಳು ಆನ್, ಹೊತ್ತವನು ಟಾಮ್ ಎಂಬುದು ಆ ಮನೆಯವರ ನಂಬಿಕೆ. ಕೋರ್ಟು ಇದನ್ನು ಒಪ್ಪುತ್ತಿರಲಿಲ್ಲ. ನಾನೂ ತೀರ್ಪು ಕೊಡಲಾರೆ. ಆದರೆ ಟಾಮ್ ನಿರಪರಾಧಿಯೆಂದು ನಂಬಿದ ಆ ಮನೆಯ ಹಾಡಿನಲ್ಲಿಯೂ ಸತ್ತವಳ ಹೆಸರು ತನ್ನ ಸ್ಥಳದಲ್ಲೇ ಇದೆ, ಬಟ್ಟೆಗಳೂ ಇವೆ. ಈ ಪಾಠ ಗ್ರೇಸನ್ನನದಕ್ಕೆ ಹತ್ತಿರವಾದದ್ದೆಂಬುದನ್ನು ಯಾರು ಬೇಕಾದರೂ ಕೇಳಿ ತಿಳಿಯಬಹುದು.

ನೀವು ಈ ನಾಲ್ಕನ್ನು ಕೇಳುವ ಮನಸ್ಸು ಮಾಡಿದರೆ ನನ್ನದೊಂದು ಸಲಹೆಯಿದೆ. ಮೊದಲು ಕಿಂಗ್‌ಸ್ಟನ್ ಟ್ರಿಯೊವನ್ನು ಕೇಳಿಬಿಡಿ. ಅದರ ಸೊಗಸನ್ನು ಬೇಕೆಂದು ತಳ್ಳಬೇಡಿ. ಆಮೇಲೆ ಪ್ರಾಫಿಟ್, ಆಮೇಲೆ ವಾಟ್ಸನ್. ಕಡೆಯಲ್ಲಿ ೧೯೨೯ರ ಪ್ಲೇಟು. ಮುಳ್ಳಿನ ಕರಕರ ಸದ್ದು ಸ್ವಲ್ಪ ಹೆಚ್ಚಾಗಿದೆ, ಪದಗಳು ಮೊದಲ ಸಲ ತಿಳಿಯುವುದಿಲ್ಲ. ರೇಡಿಯೊದಲ್ಲಿ ದೂರದ ನಿಲಯವನ್ನು ಹಿಡಿಯುವಾಗ ಕೂರುವಂತೆ ಹತ್ತಿರ ಸರಿದು ಕೂರಿ. ಪಿಟೀಲು ಒಂದು ಸುತ್ತು ನುಡಿದು ನಿಂತ ಮೇಲೆ ಪಲ್ಲವಿ ಬರುತ್ತದೆ. ಅದರ ಮೂರನೆಯ ಸಾಲಿನಲ್ಲಿ ಅವಳ ಹೆಸರಿದೆ.